ಮೊದಲ ಪ್ಯಾಚ್ (ಕೋಡ್ ತಿದ್ದುಪಡಿ) ಆದಮೇಲೆ ವಿದ್ಯಾರ್ಥಿಗಳು ಯಾಕೆ ಉಳಿಯುವುದಿಲ್ಲ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಕನ್ನಡ ಪಠ್ಯದಲ್ಲಿ ಪದ ಹುಡುಕುವ ಸಣ್ಣ ಓಪನ್ ಸೋರ್ಸ್ ಲೈಬ್ರರಿಯೊಂದನ್ನು (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಕೋಡ್) ನಾನೂ ಗೆಳೆಯರೊಬ್ಬರೂ ನೋಡಿಕೊಳ್ಳುತ್ತೇವೆ. ಅಕ್ಟೋಬರ್ ಬಂತೆಂದರೆ ಹ್ಯಾಕ್ಟೋಬರ್‌ಫೆಸ್ಟ್ (ಓಪನ್ ಸೋರ್ಸ್‌ಗೆ ಕೊಡುಗೆ ಕೊಡುವ ತಿಂಗಳ ಹಬ್ಬ) ಅಂತ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬರುತ್ತಾರೆ, ಪರಿಚಯದ ಫೈಲ್ ರೀಡ್‌ಮಿಯಲ್ಲಿ ಕಾಗುಣಿತ ತಿದ್ದಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕುತ್ತಾರೆ, ನವೆಂಬರ್‌ಗೆ ಒಬ್ಬರೂ ಇರುವುದಿಲ್ಲ. ಹೊಸಬರಿಗೆ ಸುಲಭವಾದ ಕೆಲಸಗಳಿಗೆ ‘ಗುಡ್ ಫಸ್ಟ್ ಇಶ್ಯೂ’ ಲೇಬಲ್ ಎಲ್ಲಾ ಹಾಕಿದ್ದೇವೆ. ಇಬ್ಬರಾದರೂ ವರ್ಷಪೂರ್ತಿ ಉಳಿಯಬೇಕು ಅಂದ್ರೆ ಏನು ಮಾಡಬೇಕು?

ಉತ್ತರ 1
ಬಂದವರೆಲ್ಲ ಉಳಿಯಲಿ ಅನ್ನುವ ಆಸೆ ಬಿಡಿ ಸಾರ್. 2020ರಲ್ಲಿ ಬಹುಮಾನದ ಟೀ ಶರ್ಟ್‌ಗೋಸ್ಕರ ಎಷ್ಟು ಕಸದ ಪುಲ್ ರಿಕ್ವೆಸ್ಟ್ ಬಂದವು ಅಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಲ್ಲಿ ಮಾಡಿದ್ದು ಮಾತ್ರ ಲೆಕ್ಕಕ್ಕೆ ಅಂತ ಆಯೋಜಕರು ಹಬ್ಬದ ಮಧ್ಯದಲ್ಲೇ ನಿಯಮ ಬದಲಿಸಬೇಕಾಯಿತು. ರೀಡ್‌ಮಿ ಕೆಲಸವನ್ನು ಇಶ್ಯೂ ಪಟ್ಟಿಯಿಂದಲೇ ತೆಗೆಯಿರಿ.

ಉತ್ತರ 2
ತೆಗೆದ ಜಾಗಕ್ಕೆ ಏನು ಹಾಕುತ್ತೀರಿ ಅನ್ನೋದೇ ಮುಖ್ಯ. ಕನ್ನಡ ಬಲ್ಲವರಿಗಷ್ಟೇ ಹೊಳೆಯುವ ಬಗ್ ಕೊಡಿ. ಉದಾಹರಣೆಗೆ ಒಬ್ಬರು ‘ರ‍್ಯಾಂಕ್’ ಅಂತ ಟೈಪ್ ಮಾಡುತ್ತಾರೆ, ಇನ್ನೊಬ್ಬರು ‘ರ್ಯಾಂಕ್’ ಅಂತ. ಮೊದಲನೆಯದರಲ್ಲಿ ರ ಆದಮೇಲೆ ಕಣ್ಣಿಗೆ ಕಾಣದ ಜಾಯ್ನರ್ (ಅಕ್ಷರ ಕೂಡುವ ರೀತಿ ಹೇಳುವ ಗುರುತು) ಇದೆ, ಎರಡನೆಯದರಲ್ಲಿ ಇಲ್ಲ, ಹಾಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಇದನ್ನು ತೋರಿಸುವ ಟೆಸ್ಟ್ ಮೊದಲು ಬರೆಸಿ, ಫಿಕ್ಸ್ ಆಮೇಲೆ. ಮರ್ಜ್ ಮಾಡಿದ (ಕೋಡ್‌ಗೆ ಸೇರಿಸಿಕೊಂಡ) ದಿನವೇ ಹೆಸರು ಹಿಡಿದು ಕೇಳಿ: “ಸಾಫ್ಟ್‌ವೇರ್ ಪದದಲ್ಲೂ ಇಂಥದ್ದೇ ತೊಂದರೆ, ಅಲ್ಲಿರುವುದು ಅಕ್ಷರ ಕೂಡದಂತೆ ತಡೆಯುವ ನಾನ್‌ಜಾಯ್ನರ್, ನೋಡ್ತೀರಾ?” ಎಲ್ಲರೂ ಮೊದಲ ಕೆಲಸಕ್ಕೆ ಲೇಬಲ್ ಹಾಕುತ್ತಾರೆ, ಎರಡನೆಯದನ್ನು ಯಾರೂ ತೆಗೆದಿಟ್ಟಿರುವುದಿಲ್ಲ. ಹುಡುಗರು ಕಳಚಿಕೊಳ್ಳುವುದು ಅಲ್ಲೇ. ಎರಡು ಮೂರು ಪ್ಯಾಚ್ ಸರಿಯಾಗಿ ಮಾಡಿದವರಿಗೆ ಬೇರೆ ಹೊಸಬರ ಕೋಡ್ ರಿವ್ಯೂ ಮಾಡಲು ಹೇಳಿ. ತಮ್ಮನ್ನು ನಂಬಿದ್ದಾರೆ ಅಂತ ಗೊತ್ತಾದರೆ ಸುಮ್ನೆ ಬಿಟ್ಟು ಹೋಗುವುದಿಲ್ಲ.

ಉತ್ತರ 3
ನಾನು ವಿಟಿಯು ಆರನೇ ಸೆಮಿಸ್ಟರ್. ನಮ್ಮ ಕಡೆಯಿಂದ ಒಂದು ಮಾತು. ಇಂಟರ್ನಲ್ಸ್, ಲ್ಯಾಬ್ ಎಕ್ಸಾಮ್, ಪ್ಲೇಸ್‌ಮೆಂಟ್ ಅಂತ ತಿಂಗಳುಗಟ್ಟಲೆ ಮಾಯವಾಗುತ್ತೇವೆ. ವಾಪಸ್ ಬರೋಕೆ ಮನಸ್ಸಿರುತ್ತದೆ, ಆದರೆ ಇಷ್ಟು ದಿನ ಆದಮೇಲೆ ಏನಂತ ಹೇಳೋದು ಅನ್ನುವ ಸಂಕೋಚ. ಪರೀಕ್ಷೆ ಮುಗಿದ ವಾರ ನೀವೇ ಒಂದು ಮೆಸೇಜ್ ಹಾಕಿದರೆ ಸಾಕು. ಪಬ್ಲಿಕ್ ಚಾನೆಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಡೌಟ್ ಕೇಳೋಕೂ ಭಯ ಆಗುತ್ತೆ, ಕನ್ನಡದಲ್ಲಿ ಕೇಳಬಹುದು ಅಂತ ಬರೆದಿಡಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಜಾಯ್ನರ್ ಬಗ್ ನಮ್ಮಲ್ಲೂ ಇದೆ, ಇವತ್ತೇ ಇಶ್ಯೂ ಹಾಕುತ್ತೇನೆ. ಒಂದೇ ಕಷ್ಟ, ಇಬ್ಬರಿಗೂ ಕೆಲಸ ಇದೆ, ರಿವ್ಯೂಗೆ ಪುರುಸೊತ್ತು ಸಿಗೋದು ವಾರಾಂತ್ಯದಲ್ಲೇ.

ಉತ್ತರ 2
ರಿವ್ಯೂ ತಡವಾಗಲಿ, ಉತ್ತರ ತಡವಾಗಬಾರದು. “ನೋಡಿದೆ, ಶನಿವಾರ ಓದಿ ಹೇಳುತ್ತೇನೆ” ಅಂತ ಆ ದಿನವೇ ಒಂದು ಸಾಲು ಹಾಕಿ, ಶನಿವಾರ ತಪ್ಪದೆ ಓದಿ. ಇನ್ನೊಂದು, ಹೊಸಬರಿಗೆ ಓಪನ್ ಸೋರ್ಸ್ ಕೆಲಸ ಕೊಡುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ 2022ರಿಂದ ವಿದ್ಯಾರ್ಥಿಯೇ ಆಗಿರಬೇಕು ಅಂತಿಲ್ಲ, ಓಪನ್ ಸೋರ್ಸ್‌ಗೆ ಹೊಸಬರಾಗಿದ್ದು 18 ತುಂಬಿದ್ದರೆ ಅರ್ಜಿ ಹಾಕಬಹುದು. ಡಿಗ್ರಿ ಮುಗಿಯಿತು ಅಂತ ಕೈಬಿಟ್ಟವರಿಗೂ ಇದನ್ನು ತಿಳಿಸಿ.