ಸಯನೈಡ್ ಸೇತುವೆ ಒಂದೇ, ಆದರೆ 5.6 ಕೆಲ್ವಿನ್ ಎಲ್ಲಿ, 315 ಎಲ್ಲಿ?

ಪ್ರಶ್ನೆ:
ಎಂಎಸ್ಸಿ ಪ್ರಾಜೆಕ್ಟಿಗೆ ಓದುತ್ತಿದ್ದೇನೆ. ಪ್ರಶ್ಯನ್ ಬ್ಲೂ ಎಂಬ ನೀಲಿ ಸಂಯುಕ್ತದಲ್ಲಿ ಕಬ್ಬಿಣದ ಅಯಾನುಗಳನ್ನು ಸಯನೈಡ್ (ಕಾರ್ಬನ್-ನೈಟ್ರೋಜನ್ ಜೋಡಿ) ಸೇತುವೆಯಂತೆ ಜೋಡಿಸುತ್ತದೆ. ಅದು 5.6 ಕೆಲ್ವಿನ್‌ಗಿಂತ ಕೆಳಗೆ ಮಾತ್ರ ಆಯಸ್ಕಾಂತ. 1995ರ ವನೇಡಿಯಂ-ಕ್ರೋಮಿಯಂ ಸಂಯುಕ್ತದಲ್ಲೂ ಅದೇ ಸಯನೈಡ್, ಆದರೆ ಅದು 315 ಕೆಲ್ವಿನ್‌ವರೆಗೂ ಆಯಸ್ಕಾಂತವೇ. ಅದೂ ಎರಡು ಲೋಹಗಳ ಎಲೆಕ್ಟ್ರಾನ್‌ಗಳ ಪುಟ್ಟ ಆಯಸ್ಕಾಂತಗಳು, ಅಂದರೆ ಸ್ಪಿನ್‌ಗಳು ಎದುರುಬದುರಾಗಿ ನಿಂತು! ಹಾಗಿದ್ದರೆ ಒಂದನ್ನೊಂದು ಕಳೆದು ಸೊನ್ನೆ ಆಗಬೇಕಿತ್ತು, ಅಲ್ವಾ?

ಉತ್ತರ:
ಮೊದಲು ಪ್ರಶ್ಯನ್ ಬ್ಲೂ ನೋಡಿ. ಅಲ್ಲಿ ಒಂದು ಬಿಟ್ಟು ಒಂದು ಕಬ್ಬಿಣ ಫೆರಸ್ (ಪ್ಲಸ್ 2), ಉಳಿದದ್ದು ಒಂಟಿ ಎಲೆಕ್ಟ್ರಾನ್‌ಗಳಿರುವ ಫೆರಿಕ್ (ಪ್ಲಸ್ 3). ಫೆರಸ್‌ನ ಎಲೆಕ್ಟ್ರಾನ್‌ಗಳೆಲ್ಲ ಜೋಡಿಯಾಗಿವೆ, ಸ್ಪಿನ್ ಸೊನ್ನೆ. ಹಾಗಾಗಿ ಒಂದು ಫೆರಿಕ್ ಇನ್ನೊಂದು ಫೆರಿಕ್ ಜೊತೆ ಮಾತಾಡಬೇಕೆಂದರೆ ಎರಡು ಸಯನೈಡ್, ನಡುವೆ ಒಂದು ಫೆರಸ್ ದಾಟಬೇಕು. ಸುಮಾರು 10 ಆಂಗ್‌ಸ್ಟ್ರಾಮ್, ಅಂದರೆ ಒಂದು ನ್ಯಾನೋಮೀಟರ್ ದೂರ. 5.6 ಕೆಲ್ವಿನ್ ಬಂದದ್ದೇ ದೊಡ್ಡದು.

ವನೇಡಿಯಂ-ಕ್ರೋಮಿಯಂನಲ್ಲಿ ಸೇತುವೆಯ ಎರಡೂ ತುದಿಯಲ್ಲಿ ಒಂಟಿ ಎಲೆಕ್ಟ್ರಾನ್‌ಗಳಿವೆ. ಎರಡೂ ಕಡೆ ಅವು ಒಂದೇ ಬಗೆಯ ಜಾಗದಲ್ಲಿ, ಟಿ2ಜಿ ಎಂಬ ಆರ್ಬಿಟಲ್‌ಗಳಲ್ಲೇ ಕೂತಿವೆ. ಸಯನೈಡಿನ ಪೈ ಆರ್ಬಿಟಲ್ ಮೂಲಕ ಚೆನ್ನಾಗಿ ಬೆರೆಯುತ್ತವೆ. ಬೆರೆತಷ್ಟೂ ಎದುರು ದಿಕ್ಕಿನ ಹಿಡಿತ ಗಟ್ಟಿ.

ಇನ್ನು ಸೊನ್ನೆಯ ವಿಷಯ. ಇದನ್ನು ನೀವೇ ಪೆನ್ನು ಹಿಡಿದು ಲೆಕ್ಕ ಹಾಕಿ, ನನಗೆ ತುಂಬಾ ಇಷ್ಟದ ಲೆಕ್ಕ. ಒಂದು ವನೇಡಿಯಂಗೆ 0.86 ಕ್ರೋಮಿಯಂ ಮಾತ್ರ ಇದೆ. ಕ್ರೋಮಿಯಂಗೆ ತಲಾ 3 ಒಂಟಿ ಎಲೆಕ್ಟ್ರಾನ್, ಒಟ್ಟು 2.58. ವನೇಡಿಯಂನಲ್ಲಿ 0.42 ಪಾಲು ಪ್ಲಸ್ 2 ಸ್ಥಿತಿ, ತಲಾ 3. ಉಳಿದ 0.58 ಪ್ಲಸ್ 3, ತಲಾ 2. ಕೂಡಿದರೆ 2.42. ಕಳೆದರೆ ಉಳಿಯುವುದು 0.16. ಅಳತೆಯಲ್ಲಿ ಸಿಕ್ಕಿದ್ದು 0.15 ಬೋರ್ ಮ್ಯಾಗ್ನೆಟಾನ್ (ಒಂದು ಒಂಟಿ ಎಲೆಕ್ಟ್ರಾನ್‌ನ ಆಯಸ್ಕಾಂತ ಬಲ ಸುಮಾರು 1 ಬೋರ್ ಮ್ಯಾಗ್ನೆಟಾನ್)! ಆ ಚಿಕ್ಕ ಉಳಿಕೆಯೇ ಇಡೀ ಆಯಸ್ಕಾಂತ.

ಪ್ರಶ್ನೆ ಕೇಳಿದವರು:
ಲೆಕ್ಕ ಹಾಕಿದೆ, ಸರಿಯಾಗಿ ಬಂತು. ಆದರೆ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುವ ಜೋಡಿ ಆರಿಸಿದರೆ ಇನ್ನೂ ಒಳ್ಳೆಯದಲ್ವಾ?

ಉತ್ತರ:
ಅದನ್ನೂ ಮಾಡಿದ್ದಾರೆ. ಕ್ರೋಮಿಯಂ ಎದುರು ನಿಕ್ಕಲ್ ಇಡಿ. ನಿಕ್ಕಲ್‌ನ ಒಂಟಿ ಎಲೆಕ್ಟ್ರಾನ್‌ಗಳು ಇರುವುದು ಇಜಿ ಎಂಬ ಬೇರೆ ಬಗೆಯ ಆರ್ಬಿಟಲ್‌ಗಳಲ್ಲಿ. ಟಿ2ಜಿ ಜೊತೆ ಬೆರೆಯುವುದಿಲ್ಲ, ಹಾಗಾಗಿ ಸ್ಪಿನ್‌ಗಳು ಒಂದೇ ಕಡೆ ತಿರುಗುತ್ತವೆ. ಆಯಸ್ಕಾಂತದ ಬಲ ಜಾಸ್ತಿ. ಆದರೆ ಹಿಡಿತ ಸಡಿಲ, ಸೀಸಿಯಂ ಇರುವ ಸಂಯುಕ್ತ 90 ಕೆಲ್ವಿನ್‌ಗೇ ಕೈಬಿಡುತ್ತದೆ. ಕೋಣೆಯ ಬಿಸಿಗೆ ನಿಲ್ಲಬೇಕೆಂದರೆ ನಾನಂತೂ ಎದುರುಬದುರು ಜೋಡಿಯನ್ನೇ ಆರಿಸುತ್ತೇನೆ.

ಇನ್ನೊಬ್ಬರು:
ವನೇಡಿಯಂದು ಮಾಡುವುದಾದರೆ ಎಲ್ಲವೂ ಆರ್ಗಾನ್‌ನಲ್ಲೇ ಆಗಬೇಕು. ಪ್ಲಸ್ 2 ವನೇಡಿಯಂ ಗಾಳಿ ತಾಗಿದರೆ ಕೆಡುತ್ತದೆ, ಆಮೇಲೆ ಮೇಲಿನ ಲೆಕ್ಕವೂ ಕೆಡುತ್ತದೆ. ಪುಡಿಯನ್ನು ಗಾಜಿನ ಕೊಳವೆಯಲ್ಲಿ ಸೀಲ್ ಮಾಡಿ ದಾರಕ್ಕೆ ತೂಗುಹಾಕಿ. ಆಯಸ್ಕಾಂತದ ಕಡೆ ವಾಲುತ್ತದೆ. ದೀಪ ಹಿಡಿದು 42 ಡಿಗ್ರಿ ಸೆಲ್ಸಿಯಸ್ (ಅದೇ 315 ಕೆಲ್ವಿನ್) ದಾಟಿಸಿದರೆ ಬಿಟ್ಟು ಹಿಂದೆ ಬರುತ್ತದೆ. ತಣ್ಣಗಾದರೆ ಮತ್ತೆ ಅತ್ತ ಹೋಗುತ್ತದೆ.