ಚೆಕ್ ಇಂಜಿನ್ ದೀಪ, ಪಿ0171 ಕೋಡ್: ಆಕ್ಸಿಜನ್ ಸೆನ್ಸರ್ ಬದಲಿಸಬೇಕೇ?

ಪ್ರಶ್ನೆ:
ನನ್ನ ಪೆಟ್ರೋಲ್ ಕಾರಿನಲ್ಲಿ ಚೆಕ್ ಇಂಜಿನ್ ದೀಪ ಉರಿಯುತ್ತಿದ್ದು, ಸ್ಕ್ಯಾನರ್ ಪಿ0171, ಅಂದರೆ ಮಿಶ್ರಣದಲ್ಲಿ ಗಾಳಿಯ ಪ್ರಮಾಣಕ್ಕೆ ಇಂಧನ ಸಾಲದು ಎಂಬ ಕೋಡ್ ತೋರಿಸುತ್ತಿದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಏರುಪೇರಾಗುತ್ತದೆ; ಹೆದ್ದಾರಿಯಲ್ಲಿ ತೊಂದರೆಯಿಲ್ಲ. ಮೆಕ್ಯಾನಿಕ್ ಆಕ್ಸಿಜನ್ ಸೆನ್ಸರ್ ಬದಲಿಸಲು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ 1:
ದಯವಿಟ್ಟು ಈಗಲೇ ಬದಲಿಸಬೇಡಿ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 1 ಪಾಲು ಇಂಧನಕ್ಕೆ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆ ಸೆನ್ಸರ್ ಬಹುತೇಕ ನಿಜವನ್ನೇ ವರದಿ ಮಾಡುತ್ತಿರುತ್ತದೆ. ಮೊದಲು ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಮಿಶ್ರಣ ಸರಿದೂಗಿಸಲು ಇಂಜಿನ್‌ನ ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ ಅಥವಾ ತಗ್ಗಿಸುತ್ತಿದೆ ಎಂಬುದನ್ನು ಗಮನಿಸಿ. ಎಂಎಎಫ್ ಸೆನ್ಸರ್ (ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್) ಇರುವ ಇಂಜಿನ್‌ನಲ್ಲಿ ಈ ಟ್ರಿಮ್ ಐಡ್ಲಿಂಗ್‌ನಲ್ಲಿ ಶೇ. 20ರ ಆಸುಪಾಸಿದ್ದು, 2500 ಆರ್‌ಪಿಎಂಗೆ ಏರಿಸಿ ಹಿಡಿದಾಗ ಸೊನ್ನೆಯತ್ತ ಇಳಿದರೆ, ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳನುಗ್ಗುತ್ತಿದೆ ಎಂಬ ಬಲವಾದ ಅನುಮಾನ ಮೂಡುತ್ತದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಿಮೆಯಾದ್ದರಿಂದ ಸಣ್ಣ ಸೋರಿಕೆಯೂ ಅಲ್ಲಿ ದೊಡ್ಡ ಪಾಲಾಗುತ್ತದೆ.

ಉತ್ತರ 2:
ನಾನೂ ಇದನ್ನೇ ಹೇಳುತ್ತಿದ್ದೆ. ಪಿಸಿವಿ ಪೈಪನ್ನು (ಇಂಜಿನ್ ಒಳಗಿನ ಅನಿಲವನ್ನು ಮತ್ತೆ ಗಾಳಿ ಒಳಹೋಗುವ ದಾರಿಗೆ ಒಯ್ಯುವ ಪೈಪು) ಕೈಯಿಂದ ಬಗ್ಗಿಸಿ ನೋಡಿ. ಮೇಲ್ಗಡೆ ಚೆನ್ನಾಗಿ ಕಾಣುವ ರಬ್ಬರ್ ತಿರುವಿನ ಅಡಿಭಾಗದಲ್ಲಿ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಸಿಗದಿದ್ದರೆ, ಗಾಳಿಯ ದಾರಿಗೆ ಹೊಗೆ ತುಂಬಿಸಿ ಸೋರುವ ಜಾಗ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ. ಬಿಸಿ ಇಂಜಿನ್ ಮೇಲೆ ಬೆಂಕಿ ಹತ್ತಿಕೊಳ್ಳುವ ಸ್ಪ್ರೇ ಹೊಡೆದು ಹುಡುಕುವುದು ಅಪಾಯಕಾರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಟ್ರಿಮ್ ಇಳಿಯದೆ, ವೇಗ ಹೆಚ್ಚಿದಂತೆ ಏರಿದರೆ?

ಉತ್ತರ 1:
ಹಾಗಾದರೆ ಇಂಧನದ ಕಡೆಗೆ ತಿರುಗಬೇಕು: ಪಂಪ್, ಫಿಲ್ಟರ್ ಪರೀಕ್ಷಿಸಿ, ಗೇಜ್ ಹಾಕಿ ಒತ್ತಡ ಅಳೆಯಿಸಿ. ಕೊಳೆ ಹಿಡಿದ ಎಂಎಎಫ್ ಸೆನ್ಸರ್ ಕೂಡ ಇದೇ ಲಕ್ಷಣ ತೋರಬಹುದು.