ಸಹಾಯ ಬೇಕು: ವಾಟರ್ ಕೂಲರ್ ಇದ್ದರೂ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿದೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ರೈಜನ್ 7 5800ಎಕ್ಸ್ ಪ್ರೊಸೆಸರ್, ಅದಕ್ಕೆ 240 ಎಂಎಂ ರೇಡಿಯೇಟರಿನ (ಬಿಸಿ ನೀರನ್ನು ತಣ್ಣಗೆ ಮಾಡುವ ಜಾಲರಿ) ಸೀಲ್ಡ್ ವಾಟರ್ ಕೂಲರ್. ನಾಲ್ಕು ವರ್ಷ ಏನೂ ತಕರಾರಿಲ್ಲದೆ ನಡೆಯಿತು.

ಹದಿನೈದು ದಿನದಿಂದ ಸುಮ್ನೆ ಆನ್ ಮಾಡಿಟ್ಟರೂ 65 ಡಿಗ್ರಿ. ರೆಂಡರ್ (ಎಡಿಟ್ ಮಾಡಿದ್ದನ್ನು ವಿಡಿಯೊ ಫೈಲ್ ಮಾಡುವ ಕೆಲಸ) ಹಾಕಿದರೆ ಒಂದೇ ನಿಮಿಷದಲ್ಲಿ 90. ಈ ಪ್ರೊಸೆಸರಿಗೆ ಅದೇ ಮಿತಿ, ಅಲ್ಲಿಂದ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡ್ 68ರಲ್ಲೇ ಇದೆ.

ರಿಪೇರಿಯವರು "ನಮ್ಮೂರ ಬೇಸಿಗೆ ಅಲ್ವಾ ಸರ್, ಎಲ್ಲರದ್ದೂ ಹಿಂಗೇ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಸೆಕೆಯೇ ಕಾರಣವಾಗಿದ್ದರೆ ರೇಡಿಯೇಟರೂ ಕಾಯಬೇಕಿತ್ತು. ರೆಂಡರ್ ನಡೆಯುವಾಗಲೇ ಮುಟ್ಟಿ ನೋಡಿದೆ. ಒಂದು ಪೈಪು ಚೆನ್ನಾಗಿ ಬಿಸಿ, ಇನ್ನೊಂದು ತಣ್ಣಗೆ. ರೇಡಿಯೇಟರ್ ತಣ್ಣಗೆ, ಫ್ಯಾನಿನಿಂದ ಬರುವ ಗಾಳಿಯೂ ತಣ್ಣಗೆ. ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪರದೆ) ಮಾತ್ರ ಪಂಪ್ ನಿಮಿಷಕ್ಕೆ 2700 ಸುತ್ತು ತೋರಿಸುತ್ತಿದೆ. ಪ್ರೊಸೆಸರಿಗೂ ಕೂಲರಿಗೂ ನಡುವಿನ ಪೇಸ್ಟ್ ಹೊಸದಾಗಿ ಹಚ್ಚಿದೆ, ಸ್ಕ್ರೂ ಬಿಗಿ ಮಾಡಿದೆ, ಧೂಳು ಊದಿ ತೆಗೆದೆ. ಕೇಸನ್ನು ವಾಲಿಸಿದರೆ ಗುಳುಗುಳು ಸದ್ದು ಬರುತ್ತದೆ.

ಪಂಪ್ ತಿರುಗುತ್ತಿದ್ದರೂ ನೀರು ಹರಿಯುತ್ತಿಲ್ಲ ಅನ್ನೋದು ನನ್ನ ಅಂದಾಜು. ಪ್ರೊಸೆಸರ್ ಮೇಲೆ ಕೂರುವ ಬ್ಲಾಕಿನೊಳಗಿನ ಸಣ್ಣ ಸಂದುಗಳಲ್ಲಿ ಗಸಿ ಕಟ್ಟಿರಬೇಕು, ಇಲ್ಲವೇ ನೀರು ಕಡಿಮೆಯಾಗಿ ಗಾಳಿ ಸೇರಿರಬೇಕು. ಇಂಥ ಕೂಲರ್ ಬಿಚ್ಚಿ, ತೊಳೆದು, ಮತ್ತೆ ತುಂಬಿಸಿದವರು ಯಾರಾದರೂ ಇದ್ದೀರಾ? ಆಮೇಲೆ ಸೋರಲಿಲ್ಲವೇ? ಇನ್ನೊಂದು ಸಹಾಯ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಎಎಂ4ಗೆ (ನನ್ನ ಪ್ರೊಸೆಸರಿನ ಸಾಕೆಟ್) ಕೂರುವ ಏರ್ ಕೂಲರ್ ಯಾರ ಹತ್ತಿರವಾದರೂ ಇದ್ದರೆ ಎರಡು ದಿನ ಕೊಡಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಈ ತಿಂಗಳು ಮೂರು ಮದುವೆಯ ವಿಡಿಯೊ ಕೊಡಬೇಕಿದೆ.